ಉಪಚಾರಕ್ಕೆ ಅಂದ ‘ಬೇಡ’

ಯಾರದಾದರೂ ಮನೆಗೆ ಹೋದಾಗ “ಕಾಫಿ ತಗೊಳ್ತೀರಾ?” ಎಂದು ಕೇಳಿದರೆ ನಮ್ಮವರು ಮೊದಲು ಹೇಳುವುದೇನು? “ಬೇಡ ಬೇಡ, ಈಗಷ್ಟೇ ಆಯ್ತು.” ಹೊಟ್ಟೆ ಚುರುಗುಟ್ಟುತ್ತಿದ್ದರೂ ಹಾಗೆಯೇ ಹೇಳಬೇಕು. ಮನೆಯವರು ಇನ್ನೊಮ್ಮೆ ಕೇಳುತ್ತಾರೆ. ಆಗ ಸ್ವಲ್ಪ ಮೆತ್ತಗೆ, “ಅಯ್ಯೋ, ಸುಮ್ಮನೆ ಯಾಕೆ ತೊಂದರೆ” ಎನ್ನಬೇಕು. ಮೂರನೇ ಸಲ ಕೇಳುವ ಹೊತ್ತಿಗೆ ಒಳಗೆ ಹಾಲು ಕಾದಿರುತ್ತದೆ. ಕುಡಿದು, “ನೀವು ಕೇಳೋದೇ ಇಲ್ಲ” ಎಂದು ಅವರ ಮೇಲೆಯೇ ತಪ್ಪು ಹೊರಿಸಿ ಎದ್ದು ಬರಬೇಕು. ಇದಕ್ಕೆ ನಾವು ಮರ್ಯಾದೆ ಎನ್ನುತ್ತೇವೆ.

ಕ್ಯಾಸ್ಟ್ರೋ ವ್ಯಾಲಿಯ ಜಯಂತಿ ಈ ಮರ್ಯಾದೆಯಲ್ಲಿ ಪಿಎಚ್‌ಡಿ ಮಾಡಿದವರು. ಕಾರ್ಕಳದ ಕಡೆಯಿಂದ ಈ ದೇಶಕ್ಕೆ ಬಂದವರು. ಓಕ್ಲ್ಯಾಂಡಿನ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರೋಗಿಗಳ ರಕ್ತ ತೆಗೆಯುವ ಕೆಲಸ. ಎಷ್ಟೇ ಸಣ್ಣ ನರವಾದರೂ ಒಂದೇ ಸಲಕ್ಕೆ ಹುಡುಕಿಬಿಡುತ್ತಾರೆ, ಅಷ್ಟು ಪಳಗಿದ ಕೈ. ಗಂಡ ಗುಣಪಾಲ ಮೊದಲು ಹಡಗಿನಲ್ಲಿ ಇಂಜಿನಿಯರಾಗಿದ್ದವರು, ಈಗ ಓಕ್ಲ್ಯಾಂಡ್ ಬಂದರಿನಲ್ಲಿ ಕ್ರೇನುಗಳ ರಿಪೇರಿ ನೋಡಿಕೊಳ್ಳುತ್ತಾರೆ. ಮಗ ಧನುಷ್‌ಗೆ ಹತ್ತೊಂಬತ್ತು, ಮಗಳು ಆಶ್ರಿತಾಗೆ ಹದಿನೈದು. ಮನೆಯೊಳಗಿನ ಮಾತು ತುಳುವಿನಲ್ಲಿ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಅದನ್ನು ಕನ್ನಡದಲ್ಲಿ ಹೇಳಿದ್ದೇವೆ.

ಧನುಷ್ ಆರು ವರ್ಷದವನಿದ್ದಾಗ ಒಂದು ಮನೆಯ ಪೂಜೆಗೆ ಹೋಗಿದ್ದರು. ಅಲ್ಲಿ ಯಾರೋ ತಟ್ಟೆ ಚಾಚಿದ ಕೂಡಲೇ ಅವನು ಎರಡೂ ಕೈಯಲ್ಲಿ ಎರಡು ಹೋಳಿಗೆ ಎತ್ತಿಕೊಂಡ. ಎಲ್ಲರೂ ನಕ್ಕರು. ಜಯಂತಿಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಎನಿಸಿತು. ವಾಪಸ್ ಬರುವಾಗ ಕಾರಿನಲ್ಲಿ ಪಾಠವಾಯಿತು.

“ಯಾರು ಎಂತ ಕೊಟ್ರೂ ಮೊದಲ ಸಲ ನೋ ಹೇಳ್ಬೇಕು, ಗೊತ್ತಾಯ್ತಾ? ಕೊಟ್ಟ ಕೂಡ್ಲೆ ಕೈ ಚಾಚಿದ್ರೆ, ಇವನಿಗೆ ಮನೆಯಲ್ಲಿ ಊಟ ಹಾಕುದಿಲ್ವಾ ಅಂತಾರೆ. ಅವರಿಗೆ ನಿಜವಾಗಿ ಕೊಡ್ಲಿಕ್ಕೆ ಮನಸ್ಸಿದ್ರೆ ಇನ್ನೊಂದು ಸಲ ಕೇಳ್ತಾರೆ.”

ಹುಡುಗ ತಲೆಯಾಡಿಸಿದ. ಮಕ್ಕಳು ನಮ್ಮ ಮಾತು ಕೇಳುವುದಿಲ್ಲ ಎಂದು ನಾವು ಗೋಳಾಡುತ್ತೇವಲ್ಲ, ಕೆಲವು ಮಾತನ್ನು ಅವರು ಕೇಳಿಯೇಬಿಡುತ್ತಾರೆ. ಅವತ್ತಿನಿಂದ ಧನುಷ್ ಎಲ್ಲಿ ಹೋದರೂ “ನೋ, ಥ್ಯಾಂಕ್ ಯೂ” ಎನ್ನುವ ಹುಡುಗನಾದ. ದೇವಸ್ಥಾನದಲ್ಲಿ, ಗೆಳೆಯರ ಮನೆಯಲ್ಲಿ, ಎಲ್ಲ ಕಡೆ ಜನ ಹೊಗಳಿದರು. ಜಯಂತಿಯೂ ಒಳಗೊಳಗೇ ಹೆಮ್ಮೆಪಟ್ಟುಕೊಂಡರು.

ಈ ವರ್ಷ ಶಾಲೆ ಶುರುವಾಗಿ ಕೆಲವು ವಾರಗಳಾದ ಮೇಲೆ ಒಂದು ಭಾನುವಾರ ಜಯಂತಿ ಲಿವರ್‌ಮೋರ್ ದೇವಸ್ಥಾನಕ್ಕೆ ಹೋಗಿದ್ದರು. ಊಟದ ಹಾಲ್‌ನಲ್ಲಿ ಮೈಥಿಲಿ ಸಿಕ್ಕಿದರು. ಮೈಥಿಲಿ ಮೈಸೂರಿನವರು. ಅನಿಮೇಷನ್ ಚಿತ್ರಗಳಿಗೆ ಸೌಂಡು ಕೂಡಿಸುವುದು ಅವರ ಉದ್ಯೋಗ. ಶನಿವಾರ ಮಾತ್ರ ಓಕ್ಲ್ಯಾಂಡಿನ ಒಂದು ಸಣ್ಣ ಸಂಸ್ಥೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಕಲಿಸುತ್ತಾರೆ.

“ರೀ ಜಯಂತಿ, ನಿಮ್ಮ ಆಶ್ರಿತಾ ಈಗ ಟೆಂತ್ ಗ್ರೇಡ್ ಅಲ್ವಾ? ಇದು ಅವಳಿಗೆ ಸರಿಹೋಗುತ್ತೆ ನೋಡಿ,” ಎಂದು ಮೈಥಿಲಿ ಒಂದು ಹಾಳೆ ಕೊಟ್ಟರು. “ವಿಡಿಯೋ, ಅನಿಮೇಷನ್, ಸೌಂಡು, ಪೋಸ್ಟರ್ ಡಿಸೈನು. ನೈಂತ್‌ನಿಂದ ಟ್ವೆಲ್ತ್‌ವರೆಗಿನ ಮಕ್ಕಳಿಗೆ. ವರ್ಷದ ಕೊನೆಗೆ ಅವರು ಮಾಡಿದ್ದನ್ನ ದೊಡ್ಡ ಪರದೆ ಮೇಲೆ ತೋರಿಸ್ತೀವಿ.”

“ಫೀಸು ಎಷ್ಟು?”

“ಏನೂ ಇಲ್ಲ. ಫ್ರೀ.”

ಫ್ರೀ ಎಂದ ಕೂಡಲೇ ಜಯಂತಿಯ ಮುಖ ಸಣ್ಣದಾಯಿತು. ನಮ್ಮವರ ಲೆಕ್ಕದಲ್ಲಿ ಪುಕ್ಕಟೆ ಎಂದರೆ ಒಂದೋ ಕಳಪೆ, ಇಲ್ಲ ಮೋಸ. ಅಂಗಡಿಯಲ್ಲಿ ಕಡ್ಡಿಗೆ ಚುಚ್ಚಿ ಕೊಡುವ ಸ್ಯಾಂಪಲ್ ತಿಂಡಿಗೆ ಮಾತ್ರ ವಿನಾಯಿತಿ.

“ಫ್ರೀಯಾಗಿ ಎಂತ ಕಲಿಸ್ತಾರೆ ಮಾರಾಯ್ರೆ? ಟೈಂಪಾಸಾ?”

“ಟೈಂಪಾಸ್ ಅಲ್ಲ ಕಣ್ರೀ. ಕಲಿಸೋರೆಲ್ಲ ಅದೇ ಕೆಲಸದಲ್ಲಿ ಹೊಟ್ಟೆ ಹೊರೀತಿರೋರು. ನಾಲ್ಕು ಮಕ್ಕಳಿಗೆ ಒಬ್ಬರು ಮೆಂಟರು. ಕ್ಯಾಮೆರಾ, ಮೈಕು, ಕಂಪ್ಯೂಟರು ಎಲ್ಲ ಅಲ್ಲೇ ಇದೆ, ನೀವು ಏನೂ ಕೊಳ್ಳಬೇಕಾಗಿಲ್ಲ. ಖರ್ಚಿಗೆ ಗ್ರಾಂಟು ಬರುತ್ತೆ, ದಾನಿಗಳು ಕೊಡ್ತಾರೆ. ನಮ್ಮ ಟೈಮು ನಾವು ಕೊಡ್ತೀವಿ.”

“ಓದಿಗೆ ತೊಂದರೆ ಆಗುದಿಲ್ವಾ? ಈ ವರ್ಷ ಅವಳಿಗೆ ಕೆಮಿಸ್ಟ್ರಿ ಬೇರೆ ಉಂಟು.”

“ಶನಿವಾರ ಮೂರು ಗಂಟೆ ಹೊತ್ತು ಅಷ್ಟೆ. ಪರೀಕ್ಷೆ ವಾರ ಬಂದ್ರೆ ರಜೆ. ಮಕ್ಕಳು ಏನು ಮಾಡಿದ್ರು ಅಂತ ಕಾಲೇಜಿಗೆ ತೋರಿಸೋದಕ್ಕೂ ಆಗುತ್ತೆ.”

“ಮತ್ತೆ... ಓಕ್ಲ್ಯಾಂಡು. ಆ ಏರಿಯಾ ಸೇಫಾ?”

ಮೈಥಿಲಿಗೆ ನಗು ತಡೆಯಲಾಗಲಿಲ್ಲ. “ದಿನಾ ಬೆಳಗ್ಗೆ ಎಲ್ಲಿಗ್ರೀ ಡ್ಯೂಟಿಗೆ ಹೋಗ್ತೀರಾ ನೀವು?”

ಜಯಂತಿಯೂ ನಕ್ಕರು. ಮನಸ್ಸಿನಲ್ಲಿ ಆಸೆ ಹುಟ್ಟಿತ್ತು. ಆಶ್ರಿತಾ ಅಡುಗೆಮನೆಯ ಕಟ್ಟೆಯ ಮೇಲೆ ಕಡಲೆಬೀಜ, ಬೆಂಡೆಕಾಯಿ ತುಂಡು ಜೋಡಿಸಿ, ಒಂದೊಂದೇ ಕೂದಲೆಳೆಯಷ್ಟು ಸರಿಸಿ, ನೂರಾರು ಫೋಟೋ ತೆಗೆದು, ಅವು ನಡೆದಾಡುವ ಹಾಗೆ ಮಾಡುವವಳು. ಆ ಕಡಲೆಬೀಜದ ಮದುವೆ ದಿಬ್ಬಣ ನೋಡಿ ಜಯಂತಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕದ್ದುಂಟು. ಆದರೂ ಬಾಯಿಂದ ಬಂದದ್ದು ಬೇರೆ ಮಾತು.

“ಬೇಡ ಬೇಡ ಮೈಥಿಲಿ. ನಮಗೆಂತಕ್ಕೆ? ಬೇರೆ ಯಾರಾದ್ರೂ ಬೇಕಾದವರಿಗೆ ಕೊಡಿ.”

ಮೈಥಿಲಿ ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ತಟ್ಟೆ ಕೆಳಗಿಟ್ಟು ಜಯಂತಿಯ ಮುಖವನ್ನೇ ನೋಡಿದರು.

“ಇದು ಉಪಚಾರಕ್ಕೆ ಅಂದ ಬೇಡಾನೋ, ನಿಜವಾದ ಬೇಡಾನೋ? ತಪ್ಪು ತಿಳ್ಕೋಬೇಡಿ. ಎರಡು ವರ್ಷದ ಹಿಂದೆ ಇದೇ ಮಾತಿಗೆ ಒಬ್ಬ ಹುಡುಗನ್ನ ಕಳ್ಕೊಂಡಿದೀವಿ, ಅದಕ್ಕೆ ಕೇಳ್ತಿದೀನಿ.”

“ಯಾವ ಹುಡುಗ?”

“ಹೆಸರು ಗೊತ್ತಿಲ್ಲ. ಆರಿಸೋವಾಗ ನಮಗೆ ಹೆಸರು ತೋರಿಸಲ್ಲ, ಬರೀ ನಂಬರು. ಟ್ವೆಲ್ತ್ ಗ್ರೇಡಿನ ಹುಡುಗ, ಮೂರು ನಿಮಿಷದ ಸೌಂಡ್ ಪೀಸು ಕಳಿಸಿದ್ದ. ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಜಯಂತಿ, ಅದನ್ನ ಮತ್ತೆ ಮತ್ತೆ ಹಾಕಿ ಕೇಳಿದೆ. ಆ ಹುಡುಗನ ನಂಬರೇ ಪಟ್ಟಿಯಲ್ಲಿ ಮೊದಲು. ನಮ್ಮ ಕೋಆರ್ಡಿನೇಟರು ಫೋನ್ ಮಾಡಿದ್ರು. ‘ನೋ ಥ್ಯಾಂಕ್ ಯೂ, ನನಗಿಂತ ಬೇಕಾದವರು ಯಾರಾದ್ರೂ ಇದ್ರೆ ಅವರಿಗೆ ಕೊಡಿ’ ಅಂದನಂತೆ. ಅವರು ಇಲ್ಲಿಯವರು, ನಮ್ಮ ಉಪಚಾರದ ಬೇಡ ಅವರಿಗೆ ಗೊತ್ತಿಲ್ಲ. ಎಂಥ ದೊಡ್ಡ ಮನಸ್ಸಿನ ಹುಡುಗ ಅಂತ ಮೆಚ್ಚಿಕೊಂಡು ಫೋನ್ ಇಟ್ಟುಬಿಟ್ರು. ನನಗೆ ತಿಳಿಯೋ ಹೊತ್ತಿಗೆ ತಿಂಗಳಾಗಿತ್ತು. ಕೊನೇ ಗಳಿಗೇಲಿ ಬೇರೆ ಯಾರೂ ಸಿಗಲಿಲ್ಲ. ಆ ಹುಡುಗನ ಕುರ್ಚಿ ವರ್ಷವಿಡೀ ಖಾಲಿ ಇತ್ತು.”

“ಪಾಪ,” ಎಂದರು ಜಯಂತಿ. “ಎಂತ ಇತ್ತು ಅದ್ರಲ್ಲಿ?”

“ಬಂದರಿನ ಕ್ರೇನಿನ ಬೀಪ್ ಬೀಪ್ ಸದ್ದು. ಅದರ ಜೊತೆಗೆ ಕುಕ್ಕರ್ ಸೀಟಿ. ಪ್ರತಿ ಸೀಟಿಗೂ ಒಬ್ಬ ಹೆಂಗಸು ಜೋರಾಗಿ ಎಣಿಸ್ತಾರೆ, ‘ಒಂಜಿ, ರಡ್ಡ್, ಮೂಜಿ’ ಅಂತ. ತುಳು ಅಂತ ಅಷ್ಟು ಗೊತ್ತಾಯ್ತು ನನಗೆ. ಆ ಎಣಿಕೇನೇ ತಾಳ ಮಾಡ್ಕೊಂಡಿದ್ದ ರೀ ಆ ಹುಡುಗ.”

ಕುಕ್ಕರ್ ಸೀಟಿಯನ್ನು ಬಾಯಿಬಿಟ್ಟು ಎಣಿಸದಿದ್ದರೆ ಜಯಂತಿಗೆ ಲೆಕ್ಕ ತಪ್ಪುತ್ತದೆ. ಇಪ್ಪತ್ತು ವರ್ಷಗಳ ಅಭ್ಯಾಸ. ಅನ್ನಕ್ಕೆ ಮೂರು, ಕಡಲೆಗೆ ಆರು. ತುಳುವಿನಲ್ಲಿ ಸೀಟಿ ಎಣಿಸುವ ಹೆಂಗಸು, ಕ್ರೇನಿನ ಬುಡದವರೆಗೆ ಹೋಗಬಲ್ಲ ಹುಡುಗ, ಇಬ್ಬರೂ ಒಂದೇ ಮನೆಯಲ್ಲಿರಬೇಕಾದರೆ ಅದು ಯಾವ ಮನೆ ಎಂದು ಅವರಿಗೆ ಯಾರೂ ಹೇಳಬೇಕಾಗಿರಲಿಲ್ಲ.

“ಎಣಿಸುವವಳು ನಾನು ಮೈಥಿಲಿ,” ಎಂದರು. “ಅವನು ನನ್ನ ಮಗ.”

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯಿದೆ. ಇಲ್ಲಿ ದೇವರೂ ಕೊಟ್ಟ, ಪೂಜಾರಿಯೂ ಕೊಟ್ಟ. ಭಕ್ತನೇ ಬೇಡ ಎಂದು ಕೈ ಮುಗಿದು ಬಂದಿದ್ದ, ತಾಯಿ ಕಲಿಸಿದ ಹಾಗೆ.

“ಈಗ ಅವನನ್ನು ಸೇರಿಸ್ಲಿಕ್ಕೆ ಆಗ್ತದಾ?” ಜಯಂತಿ ಕೇಳಿದರು. “ನಾನೇ ಬಂದು ಮಾತಾಡ್ತೇನೆ.”

ಮೈಥಿಲಿ ಅವರ ಕೈ ಹಿಡಿದುಕೊಂಡರು. “ಆಗಲ್ಲ ರೀ. ಹೈಸ್ಕೂಲು ಮುಗಿದ ಮೇಲೆ ತಗೊಳ್ಳೋದಿಲ್ಲ. ಕಾಲೇಜಲ್ಲಿ ಇಂಥ ಕ್ಲಾಸು ಇರುತ್ತೆ, ಆಸೆ ಇದ್ರೆ ಸೇರಬಹುದು. ಆದ್ರೆ ಇದು ಮುಗೀತು.”

“ಆ ಸೌಂಡಾದ್ರೂ ಉಂಟಾ ನಿಮ್ಮಲ್ಲಿ?”

“ಸೇರದೇ ಇರೋ ಮಕ್ಕಳದ್ದನ್ನ ಆರು ತಿಂಗಳಿಗೆ ಅಳಿಸಿಬಿಡ್ತೀವಿ. ಅದು ನಮ್ಮ ರೂಲು.” ಮೈಥಿಲಿ ಹಾಳೆಯನ್ನು ಜಯಂತಿಯ ಮುಂದೆ ಸರಿಸಿದರು. “ಆಶ್ರಿತಾಗೆ ಇನ್ನೂ ಟೈಮಿದೆ. ಶುಕ್ರವಾರ ಕೊನೇ ದಿನ. ಈ ವರ್ಷದಿಂದ ಅರ್ಜಿ ಜೊತೆಗೇ ಅಪ್ಪ ಅಮ್ಮ ಇಬ್ಬರ ಸಹಿ ಬೇಕು. ಅವಳು ಮಾಡಿರೋದು ಯಾವುದಾದ್ರೂ ಒಂದು ಕಳಿಸಲಿ, ಒರಟಾಗಿದ್ರೂ ಪರವಾಗಿಲ್ಲ. ನೀವು ತಿದ್ದೋಕೆ ಹೋಗಬೇಡಿ.”

ಮನೆಗೆ ಬಂದಾಗ ಧನುಷ್ ಊಟದ ಮೇಜಿನ ಮೇಲೆ ಅಕೌಂಟಿಂಗ್ ಪುಸ್ತಕ ಹರಡಿಕೊಂಡಿದ್ದ. ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಅವನದು ಎರಡನೇ ವರ್ಷ. ಅದು ಇಷ್ಟವೋ ಕಷ್ಟವೋ ಯಾರೂ ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಒಳ್ಳೆಯ ಮಾರ್ಕು ಬರುತ್ತಿತ್ತು.

ಜಯಂತಿ ಚಪ್ಪಲಿಯನ್ನೂ ಬಿಡದೆ ಅವನ ಎದುರು ಕೂತರು. “ಧನು, ಟ್ವೆಲ್ತಲ್ಲಿ ನಿನಗೆ ಓಕ್ಲ್ಯಾಂಡಿಂದ ಒಂದು ಫೋನ್ ಬಂದಿತ್ತಾ? ಸೌಂಡಿನ ಕ್ಲಾಸಿಗೆ?”

ಅವನು ಪೆನ್ಸಿಲ್ ಕೆಳಗಿಟ್ಟ. “ಓ. ದ್ಯಾಟ್. ಇಟ್ಸ್ ಓಕೆ ಅಮ್ಮ. ಅದೆಲ್ಲ ಹಳೇದು.”

“ಬೇಡ ಅಂತ ಹೇಳಿದ್ದಾ ನೀನು?”

“ಫಸ್ಟ್ ಟೈಮ್ ನೋ ಹೇಳ್ಬೇಕಲ್ಲ,” ಎಂದ ಧನುಷ್. ಬಹಳ ಸಹಜವಾಗಿ ಹೇಳಿದ, ಕೆಂಪು ದೀಪಕ್ಕೆ ಕಾರು ನಿಲ್ಲಿಸಬೇಕಲ್ಲ ಎನ್ನುವ ಹಾಗೆ. “ಐ ಥಾಟ್ ಶಿ ವುಡ್ ಕಾಲ್ ಅಗೇನ್.”

“ಕಾದಿದ್ಯಾ?”

“ಟೂ ವೀಕ್ಸ್. ಮೇಬಿ ತ್ರೀ.”

ಜಯಂತಿಗೆ ಆ ವಾರಗಳು ನೆನಪಿದ್ದವು. ಊಟಕ್ಕೆ ಕೂತರೂ ಫೋನು, ಬಚ್ಚಲಿಗೆ ಹೋದರೂ ಫೋನು. “ಆ ದರಿದ್ರದ ಫೋನನ್ನು ಕಿಟಕಿಯಿಂದ ಬಿಸಾಡ್ತೇನೆ” ಎಂದು ಬೈದವರು ಅವರೇ.

“ನೀನೇ ಒಂದು ಸಲ ಮಾಡ್ಬಹುದಿತ್ತಲ್ಲ ಮಗಾ?”

“ಹೌ? ನೋ ಹೇಳಿ ಆಮೇಲೆ ನಾನೇ ಕೇಳಿದ್ರೆ ಅದು ಬೆಗ್ಗಿಂಗ್ ಅಲ್ವಾ?”

ಆ ಮಾತೂ ಜಯಂತಿಯದೇ. “ಅದನ್ನು ನನಗೊಂದ್ಸಲ ಕೇಳಿಸ್ತೀಯಾ?” ಎಂದರು.

ಧನುಷ್ ಪುಸ್ತಕ ಮುಚ್ಚಿದ. “ಅದು ಓಲ್ಡ್ ಲ್ಯಾಪ್‌ಟಾಪಲ್ಲಿತ್ತು ಅಮ್ಮ. ಯತೀಶಣ್ಣನಿಗೆ ಕೊಟ್ರಲ್ಲ.”

ಕೊಟ್ಟಿದ್ದರು. ಊರಿಗೆ ಹೋಗುವಾಗ ಹಳೆಯ ಲ್ಯಾಪ್‌ಟಾಪು, ಹಳೆಯ ಫೋನು ಎಲ್ಲ ಒರೆಸಿ, ಒಳಗಿದ್ದದ್ದನ್ನು ಅಳಿಸಿ, ಸೂಟ್‌ಕೇಸಿನಲ್ಲಿ ಬಟ್ಟೆಯ ನಡುವೆ ಇಟ್ಟು ಒಯ್ಯುವುದು ನಾವೆಲ್ಲ ಮಾಡುವುದೇ. ಕಾರ್ಕಳದಲ್ಲಿರುವ ಅಣ್ಣನ ಮಗ ಯತೀಶನಿಗೆಂದು ಅಳಿಸುವ ಮೊದಲು ಜಯಂತಿ ಕೇಳಿದ್ದರು, “ಧನು, ಇದ್ರಲ್ಲಿ ನಿನಗೆ ಬೇಕಾದ್ದು ಎಂತಾದ್ರೂ ಉಂಟಾ?” ಅವನು “ನೋ, ಇಟ್ಸ್ ಫೈನ್” ಎಂದಿದ್ದ. ಅವರು ಗುಂಡಿ ಒತ್ತಿದ್ದರು. ಕಾಫಿಗೆ ಮೂರು ಸಲ ಒತ್ತಾಯ ಮಾಡುವ ಹೆಂಗಸು ಹೊಟ್ಟೆಯಲ್ಲಿ ಹುಟ್ಟಿದ ಮಗನನ್ನು ಒಂದೇ ಒಂದು ಸಲ ಕೇಳಿದ್ದರು.

“ನನ್ನಿಂದ ತಪ್ಪಾಯ್ತು ಮಗಾ,” ಎಂದರು ಜಯಂತಿ. ಕಣ್ಣೀರು ನಿಲ್ಲಲಿಲ್ಲ.

“ಅಮ್ಮ, ಇಟ್ಸ್ ಫೈನ್,” ಎಂದು ಅವನು ಪೇಪರ್ ಟವೆಲ್ ಹರಿದು ಕೊಟ್ಟ.

ರಾತ್ರಿ ಊಟಕ್ಕೆ ನಾಲ್ವರೂ ಕೂತಾಗ ಜಯಂತಿ ಆಶ್ರಿತಾಳ ಅರ್ಜಿಯನ್ನು ಗಂಡನ ತಟ್ಟೆಯ ಪಕ್ಕ ಇಟ್ಟರು. ಗುಣಪಾಲ ಅದನ್ನು ಓದಿ ಹಿಂದಕ್ಕೆ ತಳ್ಳಿದರು.

“ಧರ್ಮಕ್ಕೆ ಸಿಗುವಂಥದ್ದು ನಮಗೆಂತಕ್ಕೆ? ನಾವೇನು ಕೈಲಾಗದವರಾ? ಇಲ್ಲದವರ ಮಕ್ಕಳಿಗೆ ಅಂತ ಇಟ್ಟ ಜಾಗ ಅದು. ನಮ್ಮವಳು ಹೋಗಿ ಕೂತ್ರೆ ಯಾವುದೋ ಬಡ ಹುಡುಗಿಗೆ ತಪ್ಪುತ್ತದೆ.”

ಈ ಅನುಮಾನಕ್ಕೆ ನಗಬಾರದು. ಒಳ್ಳೆಯ ಮನುಷ್ಯರಿಗೇ ಬರುವ ಅನುಮಾನ ಇದು. ಜಯಂತಿ ಅಲ್ಲೇ ಮೈಥಿಲಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿಟ್ಟರು.

“ಹಾಗಲ್ಲ ಗುಣಪಾಲ್ ಅವರೇ,” ಎಂದರು ಮೈಥಿಲಿ. “ಇದು ಹೈಸ್ಕೂಲಲ್ಲಿ ಓದೋ ಎಲ್ಲ ಮಕ್ಕಳಿಗೂ ಇರೋದು. ಕಷ್ಟದಲ್ಲಿರೋ ಮಕ್ಕಳಿಗೆ ಬಸ್ ಪಾಸು, ಊಟ ಬೇರೆಯಾಗಿ ಕೊಡ್ತೀವಿ, ಅವರ ಪಾಲಿಗೆ ನೀವು ಕೈ ಹಾಕಿದ ಹಾಗೆ ಆಗಲ್ಲ. ಮನಸ್ಸು ತಡೀದಿದ್ರೆ ನೀವೂ ಒಂದು ಶನಿವಾರ ಬಂದು ನಮ್ಮ ಲೈಟ್ ಸ್ಟ್ಯಾಂಡು ರಿಪೇರಿ ಮಾಡಿಕೊಡಿ. ಆದ್ರೆ ನಮ್ಮವರೆಲ್ಲ ಬೇರೆಯವರಿಗೆ ಸಿಗಲಿ ಅಂತ ಹಿಂದೆ ಸರಿದ್ರೆ ಕುರ್ಚಿ ಯಾರಿಗೂ ಸಿಗಲ್ಲ, ಖಾಲಿ ಉಳಿಯುತ್ತೆ. ನಿಮ್ಮ ಮಗ ಬಿಟ್ಟುಕೊಟ್ಟ ಕುರ್ಚಿ ಹಾಗೇ ಉಳೀತು.”

“ನನ್ನ ಮಗನಾ? ಯಾವ ಕುರ್ಚಿ?” ಗುಣಪಾಲ ಹೆಂಡತಿಯ ಕಡೆ ತಿರುಗಿದರು.

ಫೋನ್ ಇಟ್ಟ ಮೇಲೆ ಜಯಂತಿ ಎಲ್ಲವನ್ನೂ ಹೇಳಿದರು. ಗುಣಪಾಲ ತುತ್ತನ್ನು ಕೈಯಲ್ಲೇ ಹಿಡಿದು ಕೇಳಿಸಿಕೊಂಡರು. ಬಂದರಿನಲ್ಲಿ ಕೆಲಸಗಾರರ ಮನೆಯವರನ್ನು ಕರೆದುಕೊಂಡು ಬರುವ ದಿನ ಅವರಿಗೆ ನೆನಪಾಯಿತು. ಅಷ್ಟೆತ್ತರದ ಕ್ರೇನು ತೋರಿಸಲು ಕರೆದೊಯ್ದರೆ ಹುಡುಗ ತಲೆ ತಗ್ಗಿಸಿ ಫೋನು ಹಿಡಿದು ನಿಂತಿದ್ದ. “ಫೋನ್ ಕಿಸೆಗೆ ಹಾಕಿ ಮೇಲೆ ನೋಡು ಮಾರಾಯ” ಎಂದು ಎಲ್ಲರ ಎದುರು ಗದರಿದ್ದರು.

“ಯಾವ ಬೀಪು ಅದು?” ಗುಣಪಾಲ ಮಗನನ್ನು ಕೇಳಿದರು. “ಕ್ರೇನು ಹಳಿ ಮೇಲೆ ಚಲಿಸುವಾಗಿನದ್ದಾ, ಕಂಟೇನರ್ ಡಬ್ಬ ಎತ್ತುವಾಗಿನದ್ದಾ?”

“ಚಲಿಸುವಾಗಿಂದು ಪಪ್ಪ,” ಎಂದ ಧನುಷ್. “ಕುಕ್ಕರ್ ಸೀಟಿಯೂ ಅದೂ ಆಲ್‌ಮೋಸ್ಟ್ ಸೇಮ್ ಪಿಚ್. ನಾನು ಸೀಟಿಯನ್ನ ಸ್ವಲ್ಪ ಸ್ಲೋ ಮಾಡಿದೆ, ಆಗ ಎರಡೂ ಸೇರಿ, ಲೈಕ್, ಒಂದು ದೊಡ್ಡ ಹಡಗು ಬರ್ತದಲ್ಲ, ಹಾಗೆ ಕೇಳ್ತದೆ. ಅಮ್ಮ ‘ಮೂಜಿ’ ಹೇಳುವಾಗ ಕಂಪ್ಲೀಟ್ ಸೈಲೆನ್ಸ್ ಇಟ್ಟಿದ್ದೆ.”

ಮನೆಯಲ್ಲಿ ಅವನು ಇಷ್ಟು ಉದ್ದ ಮಾತಾಡಿ ಎಷ್ಟೋ ಕಾಲವಾಗಿತ್ತು. ಮುಖದಲ್ಲಿ ಬೆಳಕು ಬಂದಿತ್ತು. ಮೂವರೂ ತನ್ನನ್ನೇ ನೋಡುತ್ತಿದ್ದಾರೆ ಎಂದು ತಿಳಿದ ಕೂಡಲೇ ಅವನು “ಎನಿವೇ” ಎಂದು ತಟ್ಟೆಗೆ ತಲೆ ಬಗ್ಗಿಸಿದ.

ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹೇಳುವವರಿಗೇನು, ಹೇಳುತ್ತಾರೆ. ಆ ಮೇಜಿನ ಸುತ್ತ ಕೂತವರಿಗೆ ಬೇರೆ ಏನನ್ನೂ ಚಿಂತಿಸಲು ಆಗಲಿಲ್ಲ.

ಕೊನೆಗೆ ಜಯಂತಿ ಮಗಳ ಕಡೆ ತಿರುಗಿದರು. “ಆಶ್ರಿತಾ, ನಿನಗೆ ಇದು ಬೇಕಾ?”

ಆಶ್ರಿತಾ ಮೊದಲು ಅಮ್ಮನ ಮುಖ ನೋಡಿದಳು, ಆಮೇಲೆ ಪಪ್ಪನದು. “ಇಫ್ ಇಟ್ಸ್ ಓಕೆ ವಿತ್ ಯೂ ಗೈಸ್. ಇಲ್ದಿದ್ರೂ ಪರ್ವಾಗಿಲ್ಲ.”

“ನಮ್ಮ ಮುಖ ನೋಡ್ಬೇಡ,” ಎಂದರು ಜಯಂತಿ. “ಅಲ್ಲಿ, ಗೋಡೆ ನೋಡಿ ಹೇಳು. ನಿನಗೆ ಬೇಕಾ?”

“ಜಸ್ಟ್ ಸೇ ಯೆಸ್, ಆಶ್ರಿತಾ,” ಎಂದ ಧನುಷ್, ತಲೆಯೆತ್ತದೆ.

“ಯೆಸ್,” ಎಂದಳು ಹುಡುಗಿ. ಹೇಳಿದ್ದೇ ತಡ, ಅಳು ಬಂತು. “ಐ ರಿಯಲಿ ರಿಯಲಿ ವಾಂಟ್ ಇಟ್.”

ಗುಣಪಾಲ ಕೈ ತೊಳೆದುಕೊಂಡು ಬಂದು ಪೆನ್ನು ಕೇಳಿದರು. ಅರ್ಜಿಯ ಜೊತೆ ಕಡಲೆಬೀಜದ ದಿಬ್ಬಣವೂ ಶುಕ್ರವಾರಕ್ಕೆ ಮುಂಚೆಯೇ ಹೋಯಿತು. ಎರಡು ವಾರಕ್ಕೆ ಸಂಸ್ಥೆಯಿಂದ ಫೋನ್ ಬಂತು. ಆಶ್ರಿತಾ ಒಂದೇ ಉಸಿರಿಗೆ ಒಪ್ಪಿಕೊಂಡಳು.

ಮೊದಲ ಶನಿವಾರ ಗುಣಪಾಲರಿಗೆ ಶಿಫ್ಟ್ ಇತ್ತು. ನಾನೇ ಬಿಡುತ್ತೇನೆ ಎಂದು ಧನುಷ್ ಕಾರಿನ ಕೀ ತೆಗೆದುಕೊಂಡ. ಮೊದಲ ದಿನ ತಂದೆತಾಯಿಗಳೂ ಒಳಗೆ ಬಂದು ನೋಡಬಹುದು ಎಂದಿದ್ದರಿಂದ ಜಯಂತಿಯೂ ಹೊರಟರು. ಕಟ್ಟಡದ ಮುಂದೆ ಕಾರು ನಿಂತದ್ದೇ ಆಶ್ರಿತಾ ಇಳಿದು ಓಡಿದಳು. ಬಾಗಿಲಲ್ಲಿ ಮೈಥಿಲಿ ಕೈ ಬೀಸುತ್ತಿದ್ದರು.

ಜಯಂತಿ ಇಳಿದು ಮಗನ ಕಿಟಕಿಯ ಹತ್ತಿರ ಬಂದರು. “ನೀನೂ ಬಾ ಧನು. ಒಂದ್ಸಲ ಒಳಗೆ ನೋಡು.”

“ನೋ, ಐ ಆಮ್ ಗುಡ್.”

“ಐದೇ ನಿಮಿಷ. ಸೌಂಡ್ ರೂಮ್ ನೋಡಿ ಬರುವ.”

“ರಿಯಲಿ, ಅಮ್ಮ. ಹೋಂವರ್ಕ್ ಉಂಟು.”

ಜಯಂತಿ ಮೂರನೇ ಸಲವೂ ಕೇಳಿದರು. “ನನಗೋಸ್ಕರ ಬಾ ಮಗಾ.”

“ನೀವು ಹೋಗಿ ಅಮ್ಮ,” ಎಂದು ಧನುಷ್ ನಕ್ಕ.

ಎಲ್ಲರೂ ಹೊಗಳುವ, ಒಳ್ಳೆಯ ಹುಡುಗನ ನಗು ಅದು. ನಿಜವಾಗಿಯೇ ಬೇಡವಾಗಿದೆಯೋ, ಒಳಗೆ ಹೋದರೆ ಸಂಕಟವಾಗುತ್ತದೆ ಎಂದು ಬೇಡವೋ, ಅಥವಾ ಇನ್ನೂ ಒಂದು ಸಲ ಕರೆಯಲಿ ಎಂದು ಕಾಯುತ್ತಿದ್ದಾನೋ? ಜಯಂತಿ ಅವನ ಕಣ್ಣಲ್ಲಿ ಹುಡುಕಿದರು. ಸಾವಿರಾರು ಜನರ ತೋಳಿನಲ್ಲಿ ಕಾಣದ ನರ ಹುಡುಕಿದವರಿಗೆ ಹೆತ್ತ ಮಗನ ಮುಖದಲ್ಲಿ ಏನೂ ಸಿಗಲಿಲ್ಲ. ಅವರಿಗೆ ಹೆದರಿಕೆಯಾಯಿತು.

ಒಳಗೆ ಹೋದರು. ಮೈಥಿಲಿ ಸೌಂಡ್ ರೂಮಿನ ಬಾಗಿಲು ತೆಗೆದು ತೋರಿಸಿದರು. ಸಣ್ಣ ಕೋಣೆ, ಮೈಕು, ನಾಲ್ಕು ಕುರ್ಚಿ. ನಾಲ್ಕರಲ್ಲೂ ಮಕ್ಕಳು ಕೂತಿದ್ದರು. ಯಾರಿಗೋ ಏನೋ ತಮಾಷೆಯಾಗಿ ಕೇಳಿಸಿ ಎಲ್ಲರೂ ನಗುತ್ತಿದ್ದರು. ಪಕ್ಕದ ಕೋಣೆಯಲ್ಲಿ ಆಶ್ರಿತಾ ಆಗಲೇ ಯಾರದೋ ಕ್ಯಾಮೆರಾದೊಳಗೆ ಇಣುಕುತ್ತಿದ್ದಳು. ಜಯಂತಿಗೆ ಸಂತೋಷವಾಯಿತು. ಆ ಸಂತೋಷದ ನಡುವೆಯೇ ಕಿಟಕಿಯ ಹತ್ತಿರ ಹೋಗಿ ರಸ್ತೆಯ ಕಡೆ ನೋಡಿದರು. ಕಾರಿನಲ್ಲಿ ಧನುಷ್ ಪುಸ್ತಕ ತೆಗೆದಿರಲಿಲ್ಲ. ಸ್ಟೀರಿಂಗ್ ಮೇಲೆ ಎರಡೂ ಕೈಯಿಟ್ಟುಕೊಂಡು, ಈ ಕಟ್ಟಡದ ಬಾಗಿಲನ್ನೇ ನೋಡುತ್ತಾ ಕೂತಿದ್ದ.

ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮಗು ಹೈಸ್ಕೂಲಿನಲ್ಲಿದ್ದರೆ ಈ ವಾರವೇ ವಿಚಾರಿಸಿ. ಶಾಲೆಯ ಕೌನ್ಸೆಲರನ್ನು ಕೇಳಿ, ನಿಮ್ಮೂರ ಲೈಬ್ರರಿಯ ನೋಟಿಸ್ ಬೋರ್ಡು ನೋಡಿ. ಚಿತ್ರ, ಸಂಗೀತ, ವಿಡಿಯೋ, ಅನಿಮೇಷನ್ ಕಲಿಸುವ ಉಚಿತ ಮೆಂಟರಿಂಗು ನಮ್ಮ ಸುತ್ತಮುತ್ತ ಇರುತ್ತದೆ. ಪುಕ್ಕಟೆ ಎಂದು ಕೀಳಾಗಿ ನೋಡಬೇಡಿ, ನಮಗಲ್ಲ ಎಂದು ದೂರ ಸರಿಯಬೇಡಿ. ಹನ್ನೆರಡನೇ ತರಗತಿ ದಾಟಿದರೆ ಆ ಬಾಗಿಲು ಮುಚ್ಚುತ್ತದೆ, ಆಮೇಲೆ ಎಷ್ಟು ಅತ್ತರೂ ತೆರೆಯುವುದಿಲ್ಲ. ಕಾಫಿಗೆ ಬೇಕಾದರೆ ಮೂರು ಸಲ ಬೇಡ ಅನ್ನಿ, ಯಾರೂ ಸಾಯುವುದಿಲ್ಲ. ಆದರೆ ಇಷ್ಟಪಟ್ಟದ್ದು ಕೈಗೆ ಬಂದಾಗ ಮೊದಲ ಸಲವೇ “ಹೌದು, ನನಗೆ ಬೇಕು” ಎನ್ನುವುದನ್ನು ಮಕ್ಕಳಿಗೆ ಕಲಿಸಿ. ಇಲ್ಲಿ ಹೊರಗಿನವರು ಎರಡನೇ ಸಲ ಕೇಳುವುದಿಲ್ಲ.

ಮನೆಯವರಾದ ನೀವು ಕೇಳಿ. ನಿಮ್ಮ ಮಗು “ಇಟ್ಸ್ ಫೈನ್” ಎಂದರೆ ಅಲ್ಲಿಗೇ ಬಿಡಬೇಡಿ, ಪಕ್ಕದಲ್ಲಿ ಕೂತು ಇನ್ನೊಮ್ಮೆ ಕೇಳಿ, ಇವತ್ತೇ ಕೇಳಿ. ಜಯಂತಿ ಈಗಲೂ ಪ್ರತಿ ಶನಿವಾರ ಮಗನ ಜೊತೆ ಆಶ್ರಿತಾಳನ್ನು ಬಿಡಲು ಹೋಗಿ, ಆ ಕಾರಿನ ಕಿಟಕಿಯ ಹತ್ತಿರ ನಿಂತು “ನೀನೂ ಬಾ” ಎಂದು ಕೇಳುತ್ತಿದ್ದಾರೆ.